ನಮ್ಮ ಆರೋಗ್ಯ: ವಾಂತಿ ಭೇದಿಯೂ ಒಂದು ಚಮಚೆ ನೀರೂ

ಚಳಿಗಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಒಂದು ಬಗೆಯ ದೂರು ಹೆಚ್ಚುತ್ತದೆ. ಮಗುವಿಗೆ ಮೊದಲು ವಾಂತಿ, ಅದರ ಬೆನ್ನಿಗೇ ನೀರಿನಂಥ ಭೇದಿ, ಮೈ ಬೆಚ್ಚಗೆ. ಡಾಕ್ಟರ ಬಳಿಗೆ ಓಡಿದರೆ ಅವರು ಹೊಟ್ಟೆ ಒತ್ತಿ, ನಾಲಗೆ ನೋಡಿ, ಚರ್ಮವನ್ನು ಚಿವುಟಿ ಬಿಟ್ಟು, ಓ.ಆರ್.ಎಸ್. ಪುಡಿಯ ನಾಲ್ಕು ಪೊಟ್ಟಣಗಳನ್ನೂ ಜಿಂಕ್ ಮಾತ್ರೆಯನ್ನೂ ಬರೆದುಕೊಟ್ಟು ಕಳುಹಿಸಿದರು. “ಆ್ಯಂಟಿಬಯಾಟಿಕ್ ಇಲ್ಲ, ಇಂಜೆಕ್ಷನ್ ಇಲ್ಲ, ಭೇದಿ ಕಟ್ಟುವ ಮಾತ್ರೆಯೂ ಇಲ್ಲ. ಉಪ್ಪುಸಕ್ಕರೆ ನೀರು ಕುಡಿಸಿರೆಂದು ಹೇಳುವುದಕ್ಕೆ ಫೀಸು ಬೇರೆ ಕೊಡಬೇಕೆ?” ಎಂದು ಮುಂಬಯಿಯ ಉಪನಗರದ ತಂದೆಯೊಬ್ಬರು ಕೇಳಿದ್ದಾರೆ.

ಕೊಡಬೇಕು, ಸಂತೋಷದಿಂದಲೇ ಕೊಡಬೇಕು. ಆ ವೈದ್ಯರು ಹತ್ತು ನಿಮಿಷದಲ್ಲಿ ಮೂರು ಕೆಲಸ ಮಾಡಿದ್ದಾರೆ. ಇದು ವೈರಸ್ಸಿನಿಂದಾದ ಭೇದಿ, ಬೇರೆಯದಲ್ಲ ಎಂದು ಗೊತ್ತುಮಾಡಿಕೊಂಡರು. ಮಗುವಿನ ಮೈಯಿಂದ ನೀರು ಎಷ್ಟು ಹೋಗಿದೆಯೆಂದು ಅಂದಾಜು ಮಾಡಿದರು. ಬೇಡದ ಔಷಧವನ್ನು ಬರೆಯದೆ ಕೈ ಬಿಗಿಹಿಡಿದರು. ಮೂರನೆಯ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಎದುರಿಗೆ ಕುಳಿತ ತಾಯಿತಂದೆಯರ ಮುಖದಲ್ಲಿ “ಇಷ್ಟೇನೆ?” ಎಂಬ ಪ್ರಶ್ನೆ ಎದ್ದು ಕಾಣುತ್ತಿರುವಾಗ ಒಂದು ಬಣ್ಣದ ಸೀಸೆಯನ್ನು ಬರೆದುಕೊಡುವುದು ಸುಲಭ, ಬರೆಯದಿರುವುದಕ್ಕೆ ವಿದ್ಯೆಯೂ ಬೇಕು, ಧೈರ್ಯವೂ ಬೇಕು.

ಹಾಗಾದರೆ ಈ ಭೇದಿಗೆ ಔಷಧವೇ ಇಲ್ಲವೆ? ವೈರಸ್ಸನ್ನು ಕೊಲ್ಲತಕ್ಕ ಔಷಧವಿಲ್ಲ ಎಂಬುದು ನಿಜ. ಆ್ಯಂಟಿಬಯಾಟಿಕ್ಕುಗಳು ಬ್ಯಾಕ್ಟೀರಿಯಾ ಎಂಬ ಜೀವಾಣುಗಳ ಮೇಲೆ ಕೆಲಸ ಮಾಡುತ್ತವೆ. ವೈರಸ್ ಅವಕ್ಕಿಂತ ಎಷ್ಟೋ ಸಣ್ಣದು, ತನ್ನದೆಂಬ ಸಂಸಾರವಿಲ್ಲದ್ದು, ನಮ್ಮ ಜೀವಕೋಶದ ಒಳಹೊಕ್ಕು ಅಲ್ಲಿನ ಸಾಮಗ್ರಿಯಿಂದಲೇ ತನ್ನ ಸಂತಾನವನ್ನು ಬೆಳೆಸತಕ್ಕದ್ದು. ಆ್ಯಂಟಿಬಯಾಟಿಕ್ಕಿಗೆ ಅದು ಸಿಕ್ಕುವುದಿಲ್ಲ. ಆ ಔಷಧ ಕರುಳಿನಲ್ಲಿ ನಮಗೆ ಉಪಕಾರ ಮಾಡಿಕೊಂಡಿರುವ ಜೀವಾಣುಗಳನ್ನು ಕೊಂದು ಭೇದಿಯನ್ನು ಇನ್ನೆರಡು ದಿನ ಉದ್ದ ಮಾಡುವುದೂ ಉಂಟು.

ಮಕ್ಕಳ ಕರುಳಿಗೆ ತೊಂದರೆ ಕೊಡುವ ವೈರಸ್ಸುಗಳಲ್ಲಿ ರೋಟಾ, ನೋರೋ, ಅಡೆನೊ, ಆಸ್ಟ್ರೊ ಎಂಬ ನಾಲ್ಕು ಮುಖ್ಯ. ಕೊನೆಯ ಎರಡರ ವಿಷಯ ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ; ಅಡೆನೊ ತಗಲಿದರೆ ಭೇದಿ ಒಂದು ವಾರ, ಹತ್ತು ದಿನ ಎಳೆಯಬಹುದೆಂದು ತಿಳಿದಿದ್ದರೆ ಸಾಕು. ರೋಟಾ ವೈರಸ್ಸನ್ನು ಮಕ್ಕಳ ಕರುಳಿನ ತುಣುಕಿನಲ್ಲಿ ಮೊದಲು ಕಂಡವರು ಆಸ್ಟ್ರೇಲಿಯದ ಮೆಲ್ಬರ್ನಿನ ರೂತ್ ಬಿಷಪ್ ಮತ್ತು ಅವರ ಜೊತೆಗಾರರು, ಅದು 1973ರಲ್ಲಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಅರೆಕಾಲುಗಳಿರುವ ಗಾಲಿಯಂತೆ ಕಾಣುವುದರಿಂದ, ಲ್ಯಾಟಿನ್ನಿನಲ್ಲಿ ಗಾಲಿ ಎಂಬ ಅರ್ಥದ ‘ರೋಟಾ’ ಎಂಬ ಹೆಸರು ಬಂತು. ಅದಕ್ಕೆ ಮುಂಚೆ ಮಕ್ಕಳ ಭೇದಿಗಳಲ್ಲಿ ಬಹುಪಾಲಿಗೆ ಕಾರಣವೇ ತಿಳಿಯುತ್ತಿರಲಿಲ್ಲ. ಹಲ್ಲು ಬರುವ ಭೇದಿ, ದೃಷ್ಟಿ ತಾಗಿದ ಭೇದಿ, ತಾಯಿ ತಂಗಳು ತಿಂದದ್ದರಿಂದ ಆದ ಭೇದಿ ಎಂದು ನಾವೆಲ್ಲ ಒಂದೊಂದು ಹೆಸರಿಟ್ಟುಕೊಂಡಿದ್ದೆವು. ಹಲ್ಲಿನ ಮಾತಿಗೆ ಒಂದು ಕಾರಣವುಂಟು. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ವಯಸ್ಸಿನಲ್ಲಿ ಹಲ್ಲೂ ಬರುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೂ ಹೋಗುತ್ತದೆ, ರೋಟಾ ಸಹ ಆ ವಯಸ್ಸಿನಲ್ಲೇ ಹೆಚ್ಚು ಕಾಡುತ್ತದೆ. ಪಾಪ, ಹಲ್ಲಿನ ತಪ್ಪೇನೂ ಇಲ್ಲ.

ಕರುಳಿನೊಳಗೆ ಆಗುವುದೇನೆಂದು ತಿಳಿದರೆ ಚಿಕಿತ್ಸೆಯ ಮರ್ಮವೂ ತಿಳಿಯುತ್ತದೆ. ಸಣ್ಣ ಕರುಳಿನ ಒಳಮೈ ನುಣುಪಾದ ಕೊಳವೆಯಂತಿಲ್ಲ. ಮಖಮಲ್ಲಿನ ಬಟ್ಟೆಯ ಮೇಲಿರುವ ನವಿರಿನಂತೆ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆರಳುಗಳು ಲಕ್ಷಗಟ್ಟಲೆ ಇವೆ. ನಾವು ಉಂಡದ್ದನ್ನೂ ಕುಡಿದದ್ದನ್ನೂ ಹೀರಿಕೊಳ್ಳುವುದು ಈ ಬೆರಳುಗಳ ಕೆಲಸ. ರೋಟಾ ವೈರಸ್ ಬೆರಳಿನ ತುದಿಯ ಕೋಶಗಳನ್ನು ಹೊಕ್ಕು ಹಾಳುಮಾಡುತ್ತದೆ. ತುದಿ ಸವೆದ ಬೆರಳು ನೀರನ್ನು ಸರಿಯಾಗಿ ಹೀರಲಾರದು. ಹಾಲಿನ ಸಕ್ಕರೆಯನ್ನು ಅರಗಿಸುವ ರಸವೂ ಆ ತುದಿಯಲ್ಲೇ ಹುಟ್ಟುವುದರಿಂದ ಕೆಲವು ಮಕ್ಕಳಿಗೆ ಸ್ವಲ್ಪ ದಿನ ಹಸುವಿನ ಹಾಲು ಒಗ್ಗುವುದಿಲ್ಲ. ಇಷ್ಟು ಸಾಲದೆಂಬಂತೆ ವೈರಸ್ ಒಂದು ಬಗೆಯ ವಿಷವನ್ನೂ ಹೊರಡಿಸಿ ಕರುಳು ತಾನಾಗಿಯೇ ನೀರನ್ನು ಒಸರುವಂತೆ ಮಾಡುತ್ತದೆ. ಆದರೆ ಬೆರಳಿನ ಬುಡದಲ್ಲಿ ಹೊಸ ಕೋಶಗಳು ಸದಾ ಹುಟ್ಟುತ್ತಿರುತ್ತವೆ. ಕೆಲವೇ ದಿನಗಳಲ್ಲಿ ಅವು ಮೇಲಕ್ಕೆ ಸರಿದು ತುದಿಯನ್ನು ಮತ್ತೆ ಕಟ್ಟುತ್ತವೆ. ಎಂದರೆ ರೋಗ ತಾನಾಗಿ ವಾಸಿಯಾಗತಕ್ಕದ್ದು. ವಾಸಿಯಾಗುವವರೆಗೆ ಮಗುವಿನ ಮೈ ಒಣಗದಂತೆ ನೋಡಿಕೊಳ್ಳುವುದೊಂದೇ ನಮ್ಮ ಪಾಲಿನ ಕೆಲಸ. ಮಕ್ಕಳು ಸಾಯುವುದು ವೈರಸ್ಸಿನಿಂದಲ್ಲ, ಮೈಯ ನೀರು ಬತ್ತುವುದರಿಂದ.

ಎಳೆಗೂಸಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಹತ್ತು ಕಿಲೋ ತೂಕದ ಮಗು ಒಂದು ದಿನದಲ್ಲಿ ಒಂದು ಲೀಟರು ನೀರು ಕಳೆದುಕೊಂಡಿತೆಂದರೆ ತೂಕದ ಹತ್ತರಲ್ಲೊಂದು ಪಾಲು ಹೋದಂತಾಯಿತು. ಅದು ಪ್ರಾಣಾಂತಿಕ ಸ್ಥಿತಿ. ಹತ್ತು ಹನ್ನೆರಡು ಸಾರಿ ನೀರಾಗಿ ಹೋಗಿ, ನಡುನಡುವೆ ವಾಂತಿಯಾದರೆ ಒಂದು ಲೀಟರಿಗೆ ಎಷ್ಟು ಹೊತ್ತು?

ರೋಟಾ ತಗಲಿದ ಸುಮಾರು ಎರಡು ದಿನಗಳ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ವಾಂತಿ ಮತ್ತು ಜ್ವರ ಮುಂದೆ, ಭೇದಿ ಹಿಂದೆ. ವಾಂತಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಭೇದಿ ಮೂರರಿಂದ ಎಂಟು ದಿನ ನಡೆಯಬಹುದು. ಮಲ ತಿಳಿಹಳದಿ ಅಥವಾ ಹಸಿರು ನೀರು, ಅದರಲ್ಲಿ ರಕ್ತವಿರುವುದಿಲ್ಲ. ಎಷ್ಟು ಸಾರಿ ಹೋಯಿತೆಂದು ಲೆಕ್ಕ ಇಡುವುದಕ್ಕಿಂತ ಮಗುವನ್ನು ನೋಡುವುದು ಮೇಲು. ಮಗು ಸಿಡುಕುತ್ತಾ, ನೀರು ಕಂಡರೆ ಆತುರದಿಂದ ಬಾಯಿಡುತ್ತಿದ್ದರೆ ಮೈ ಒಣಗಲು ಆರಂಭವಾಗಿದೆ. ಅತ್ತರೆ ಕಣ್ಣೀರು ಬಾರದಿರುವುದು, ಬಾಯಿ ಬತ್ತಿರುವುದು, ಕಣ್ಣು ಗುಳಿಬೀಳುವುದು, ಹಸುಳೆಗಳ ನೆತ್ತಿ ಒಳಕ್ಕೆ ಇಳಿಯುವುದು, ಆರು ಗಂಟೆ ಕಳೆದರೂ ಮೂತ್ರವಾಗದಿರುವುದು ಇವೆಲ್ಲ ಎಚ್ಚರಿಕೆಯ ಗಂಟೆಗಳು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಕೂಡಲೇ ಮಾಯವಾಗಬೇಕು. ಹಾಗೆಯೇ ನಿಂತು ನಿಧಾನವಾಗಿ ಇಳಿದರೆ ಆಸ್ಪತ್ರೆಗೆ ಹೊರಡತಕ್ಕದ್ದು. ಇನ್ನು ಮಗು ಸಪ್ಪಗಾಗಿ, ಎಬ್ಬಿಸಿದರೂ ಏಳದೆ, ಕುಡಿಸಿದರೂ ಕುಡಿಯದೆ ಇದ್ದರೆ ಒಂದು ಕ್ಷಣವೂ ತಡಮಾಡಬಾರದು. ಆಗ ರಕ್ತನಾಳಕ್ಕೆ ಸಲೈನ್ ಕೊಡುವುದೇ ದಾರಿ. “ಅತ್ತೂ ಅತ್ತೂ ಈಗ ಸುಮ್ಮನೆ ಮಲಗಿದೆ, ಎಬ್ಬಿಸಬೇಡಿ” ಎಂಬ ಮಾತು ಎಷ್ಟೋ ಮನೆಗಳಲ್ಲಿ ಅಪಾಯದ ಹೊತ್ತಿನಲ್ಲಿಯೇ ಬರುತ್ತದೆ.

ಈಗ ಆ ಪುಡಿಯ ಪೊಟ್ಟಣಕ್ಕೆ ಬರೋಣ. ಅದನ್ನು ಬಡವರ ಔಷಧವೆಂದೂ ಸಲೈನ್ ಬಾಟಲಿಯನ್ನು ನಿಜವಾದ ಔಷಧವೆಂದೂ ತಿಳಿದವರು ನಮ್ಮಲ್ಲಿ ಬಹಳ. ಪೊಟ್ಟಣದ ಚರಿತ್ರೆಯನ್ನು ಕೇಳಿದರೆ ಅವರು ಮನಸ್ಸು ಬದಲಾಯಿಸಿಯಾರೆಂದು ಅದನ್ನು ತುಸು ವಿಸ್ತಾರವಾಗಿ ಹೇಳುತ್ತೇವೆ.

ಭೇದಿಯಲ್ಲಿ ಬರಿಯ ನೀರು ಕುಡಿಸಿದರೆ ಕರುಳು ಅದನ್ನು ಚೆನ್ನಾಗಿ ಹೀರುವುದಿಲ್ಲ. ಬರಿಯ ಉಪ್ಪುನೀರನ್ನೂ ಹೀರುವುದಿಲ್ಲ. ಆದರೆ ಕರುಳಿನ ಗೋಡೆಯಲ್ಲಿ ಒಂದು ವಿಶೇಷವಾದ ಬಾಗಿಲಿದೆ. ಉಪ್ಪಿನ ಸೋಡಿಯಮ್ಮೂ ಗ್ಲೂಕೋಸೂ ಕೈಕೈ ಹಿಡಿದು ಬಂದರೆ ಮಾತ್ರ ಅದು ತೆರೆಯುತ್ತದೆ. ಅವುಗಳ ಹಿಂದೆ ನೀರೂ ಒಳಕ್ಕೆ ಸರಿಯುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಈ ಜೋಡಿಪ್ರವೇಶವನ್ನು ವಿವರಿಸಿದರು. ಭೇದಿಯ ಕಾಲದಲ್ಲಿಯೂ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎಂಬುದು ನಮ್ಮ ಭಾಗ್ಯ. ಕಲ್ಕತ್ತದ ಡಾ. ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಗ್ಲೂಕೋಸು ಬೆರೆತ ಉಪ್ಪುನೀರನ್ನು ಬಾಯಿಂದಲೇ ಕೊಟ್ಟು ಗುಣ ಕಂಡದ್ದನ್ನು 1953ರಲ್ಲಿಯೇ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಆಗ ಲೋಕ ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ವೈದ್ಯರು ಅಳತೆಯಿಟ್ಟು ಕೊಟ್ಟು ಅದರ ಗುಣವನ್ನು ಸ್ಥಾಪಿಸಿದರು. ಕಾಲರಾ ವೈರಸ್ಸಿನ ರೋಗವಲ್ಲ, ಬ್ಯಾಕ್ಟೀರಿಯಾದ್ದು. ಆದರೆ ನೀರು ಹೋಗುವ ಭೇದಿ ಯಾವುದಾದರೂ ಆ ನೀರನ್ನು ಮರಳಿ ತುಂಬುವ ವಿಧಾನ ಒಂದೇ.

ಪರೀಕ್ಷೆಯ ಕಾಲ 1971ರಲ್ಲಿ ಬಂತು. ಬಾಂಗ್ಲಾದೇಶದ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬೀಸ್ ಅವರ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಸಲೈನ್ ಮುಗಿಯುತ್ತ ಬಂದಿತ್ತು. ಸೂಜಿ ಚುಚ್ಚಲು ಬಲ್ಲ ಕೈಗಳೂ ಸಾಲದಿದ್ದವು. ಲೀಟರೊಂದಕ್ಕೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡ, ಇಷ್ಟನ್ನು ಕಲ್ಕತ್ತದಲ್ಲಿ ತೂಗಿ ಚೀಲಗಳಲ್ಲಿ ತುಂಬಿಸಿ ತರಿಸಿ, ನಲ್ಲಿಯಿದ್ದ ಪೀಪಾಯಿಗಳಲ್ಲಿ ಕದಡಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿರೆಂದರು. ತಾಯಿ, ಅಕ್ಕ, ಗಂಡ, ಮಗ, ಯಾರಿದ್ದರೆ ಅವರೇ ದಾದಿಯರಾದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಜನ ನಂಬಲೆಂದು ಅದನ್ನು ‘ಕುಡಿಯುವ ಸಲೈನ್’ ಎಂದು ಕರೆದಿದ್ದರಂತೆ. ಸಲೈನಿನ ಮೇಲಿನ ಮೋಹ ಆಗಲೂ ಹೀಗೆಯೇ ಇತ್ತೆಂದಾಯಿತು. 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯೇ ಈ ಕಂಡುಹಿಡಿತವನ್ನು ಬಹುಶಃ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಎಂದು ಕೊಂಡಾಡಿತು. ಮಹಾಲನಬೀಸ್ ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ನಮ್ಮ ದೇಶಕ್ಕೆ ಇಂಥವರ ನೆನಪಾಗುವುದು ಸಾಮಾನ್ಯವಾಗಿ ತಡವಾಗಿಯೇ.

ಈಗಿನ ಪುಡಿಯ ಅಳತೆ 2002ರಿಂದ ಸ್ವಲ್ಪ ಬದಲಾಗಿದೆ. ಉಪ್ಪೂ ಸಕ್ಕರೆಯೂ ಕಡಿಮೆಯಾಗಿವೆ. ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸು 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಒಟ್ಟು 20.5 ಗ್ರಾಂ ಇರಬೇಕು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಇಡೀ ಪೊಟ್ಟಣವನ್ನು ಒಮ್ಮೆಗೇ ಹಾಕತಕ್ಕದ್ದು. ಅರ್ಧ ಲೋಟಕ್ಕೆ ಒಂದು ಚಿಟಿಕೆ ಎಂದು ಕಣ್ಣಳತೆಯಲ್ಲಿ ಕಲಸುವುದು ಸರಿಯಲ್ಲ. ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪು ಏರಿ ಅಪಾಯವೂ ಆಗುತ್ತದೆ. ಚಿಕ್ಕ ಪೊಟ್ಟಣಗಳೂ ಸಿಗುವುದರಿಂದ ಎಷ್ಟು ನೀರಿಗೆಂದು ಮೇಲೆ ಅಚ್ಚಾಗಿರುವುದನ್ನು ಓದಿಕೊಳ್ಳಬೇಕು. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿಬಿಡಿ. ಅಪರಾತ್ರಿಯಲ್ಲಿ ಪೊಟ್ಟಣ ಸಿಗದಿದ್ದರೆ ಒಂದು ಲೀಟರು ನೀರಿಗೆ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಕದಡಿ ಬೆಳಗಿನವರೆಗೆ ಸುಧಾರಿಸಬಹುದು. ಕಲಸಿದ ಮೇಲೆ ತಾವೇ ಒಂದು ಗುಟುಕು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಬೇರೆ ಮಾಡಿ.

ಕುಡಿಸುವ ರೀತಿಯಲ್ಲಿಯೇ ಅರ್ಧ ಚಿಕಿತ್ಸೆ ಇದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿಯೊಂದು ಸಾರಿ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರು, ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ 100ರಿಂದ 200, ದೊಡ್ಡವರಿಗೆ ಬೇಕೆನಿಸಿದಷ್ಟು. ಬಾಟಲಿಯಿಂದ ಗಟಗಟನೆ ಕುಡಿಸಿದರೆ ವಾಂತಿ ಖಂಡಿತ. ಆಗ “ಏನು ಕೊಟ್ಟರೂ ನಿಲ್ಲುವುದಿಲ್ಲ ಡಾಕ್ಟರೇ” ಎಂದು ಸಲೈನಿಗೆ ಓಡುತ್ತೇವೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚೆಯಂತೆ ಮತ್ತೆ ಆರಂಭಿಸಬೇಕು. ಲೆಕ್ಕ ಹಾಕಿ ನೋಡಿ: ಐದು ಮಿಲಿಲೀಟರಿನ ಚಮಚೆ, ಎರಡು ನಿಮಿಷಕ್ಕೊಂದು, ಗಂಟೆಗೆ 150 ಮಿಲಿಲೀಟರು ಒಳಗೆ ಹೋಯಿತು. ರಾತ್ರಿಯೆಲ್ಲ ಹೀಗೆ ಕೂರುವುದು ಬೇಸರದ ಕೆಲಸ, ನಿಜ. ಅಜ್ಜಿ ತಾತ ಊರಲ್ಲಿ, ಗಂಡ ಹೆಂಡತಿ ಇಬ್ಬರೇ ಪರಸ್ಥಳದ ಫ್ಲ್ಯಾಟಿನಲ್ಲಿ, ಇಬ್ಬರಿಗೂ ಬೆಳಗ್ಗೆ ಆಫೀಸು. ಸರದಿ ಹಾಕಿಕೊಳ್ಳಿ. ಚಮಚೆ ಹಿಡಿಯುವುದು ಹೆಂಗಸರಿಗೆ ಮಾತ್ರ ಬರುವ ವಿದ್ಯೆಯೆಂದು ಯಾವ ವೈದ್ಯಗ್ರಂಥವೂ ಹೇಳಿಲ್ಲ.

ಪುಡಿಯ ಜೊತೆಗೆ ಬರೆದುಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತೊಡನೆ ಬಿಟ್ಟುಬಿಡುವ ಮನೆಗಳೇ ಹೆಚ್ಚು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನವೂ ಕೊಡಬೇಕು. ಸವೆದ ಕರುಳು ಬೇಗ ಕೂಡಿಕೊಳ್ಳುತ್ತದೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದೂ ಕಡಿಮೆ. ಅದಕ್ಕೂ ಎಳೆಯ ಶಿಶುಗಳಿಗೆ ಕೊಡಬೇಕೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ.

ಅಂಗಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಣ್ಣಿನ ಚಿತ್ರವಿರುವ ರಟ್ಟಿನ ಡಬ್ಬಿಗಳಲ್ಲಿ, ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡ ಸಿಹಿ ಪಾನೀಯಗಳು ವರ್ಷಗಟ್ಟಲೆ ಔಷಧದ ಅಂಗಡಿಗಳಲ್ಲಿಯೇ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಮಿತಿಮೀರಿದ್ದು. ಭೇದಿಯ ಮಗುವಿಗೆ ಅದು ಕರುಳಿಗೆ ಇನ್ನಷ್ಟು ನೀರೆಳೆದು ಭೇದಿ ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ಹಲವು ವರ್ಷ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯೆಂದು ಅಚ್ಚಾಗಿದೆಯೆ ಎಂದು ನೋಡಿಯೇ ಕೊಳ್ಳಿ.

ಊಟದ ವಿಚಾರದಲ್ಲಿ ನಮ್ಮ ಹಿರಿಯರ ಮಾತು ಅರ್ಧ ಸರಿ, ಅರ್ಧ ತಪ್ಪು. ಉಪ್ಪು ಹಾಕಿದ ಅಕ್ಕಿಗಂಜಿ ಕುಡಿಸಿದ ಅಜ್ಜಿಯರು ಕ್ರೇನ್ ಸಾಹೇಬರ ಬಾಗಿಲನ್ನು ತಿಳಿಯದೆಯೇ ತೆರೆದಿದ್ದರು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ. ಆದರೆ “ಹೊಟ್ಟೆಗೆ ರಜ ಕೊಡಿ, ಲಂಘನವೇ ಪರಮೌಷಧ” ಎಂಬ ಇನ್ನೊಂದು ಮಾತು ಮಕ್ಕಳ ಪಾಲಿಗೆ ಸಲ್ಲದು. ಹಸಿದ ಕರುಳು ಬೇಗ ಮಾಗುವುದಿಲ್ಲ, ಮಗುವೂ ಸೊರಗುತ್ತದೆ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಪದೇಪದೇ ಕೊಡಬೇಕು. ದೊಡ್ಡ ಮಕ್ಕಳಿಗೆ ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಮೊಸರನ್ನ, ಇಡ್ಲಿ, ಬಾಳೆಹಣ್ಣು, ಕೇಳಿದಷ್ಟು. ಮಜ್ಜಿಗೆಯೂ ಎಳನೀರೂ ಒಳ್ಳೆಯವೇ, ಆದರೆ ಪುಡಿಯ ಬದಲಿಗಲ್ಲ. ಪೇಟೆಯ ಹಣ್ಣಿನ ರಸ, ಸೋಡ, ಬರಿಯ ಗ್ಲೂಕೋಸಿನ ನೀರು ಬೇಡ. ಜಾಯಿಕಾಯಿ ತೇಯ್ದು ನೆಕ್ಕಿಸುವ ಪದ್ಧತಿಯನ್ನೂ ಬಿಡುವುದು ಒಳ್ಳೆಯದು. ಅದು ಹೆಚ್ಚಾದರೆ ಮಗುವಿಗೆ ಮಂಪರು ಬರುತ್ತದೆ. ಮಂಪರಿನ ಮಗು ಕುಡಿಯುವುದಿಲ್ಲ, ಅಪಾಯದ ಗುರುತೂ ಮರೆಯಾಗುತ್ತದೆ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಕರುಳು ಅಲುಗದೆ ನಿಂತುಬಿಡುವುದುಂಟು. ವಾಂತಿ ಬಹಳವಾದರೆ ವೈದ್ಯರು ಒಂದು ಸಲ ಅದಕ್ಕೆ ಔಷಧ ಕೊಡಬಹುದು. ಅದನ್ನು ತಾವಾಗಿ ಕೊಂಡು ತರುವುದು ಬೇಡ.

ಮಲಪರೀಕ್ಷೆ ಮಾಡಿಸಬೇಕೆ ಎಂದು ಕೆಲವರು ಕೇಳುತ್ತಾರೆ. ಮಲದಲ್ಲಿ ರೋಟಾವನ್ನೋ ನೋರೋವನ್ನೋ ಗುರುತಿಸುವ ಪರೀಕ್ಷೆಗಳು ಇವೆ. ಆದರೆ ಹೆಸರು ತಿಳಿದ ಮಾತ್ರಕ್ಕೆ ಚಿಕಿತ್ಸೆ ಬದಲಾಗುವುದಿಲ್ಲವಾದ್ದರಿಂದ ಮನೆಯಲ್ಲಿ ಆಡಿಕೊಂಡಿರುವ ಮಗುವಿಗೆ ಅದು ಬೇಕಿಲ್ಲ. ಮಲದಲ್ಲಿ ರಕ್ತ ಕಂಡರೆ, ಜ್ವರ ತೀವ್ರವಾಗಿದ್ದರೆ, ಹಸಿರು ಪಿತ್ತದ ವಾಂತಿಯಾದರೆ, ಅಕ್ಕಿ ತೊಳೆದ ನೀರಿನಂತೆ ಧಾರಾಕಾರವಾಗಿ ಹೋದರೆ, ಹೊಟ್ಟೆ ಉಬ್ಬಿ ನೋಯುತ್ತಿದ್ದರೆ, ಮಗು ಎರಡು ತಿಂಗಳಿಗಿಂತ ಚಿಕ್ಕದಾಗಿದ್ದರೆ ಆ ಮಾತು ಬೇರೆ. ಅಲ್ಲಿ ಪರೀಕ್ಷೆಯೂ ಬೇಕು, ಆಮಶಂಕೆ ಕಾಲರಾಗಳಿಗೆ ಬೇರೆ ಔಷಧವೂ ಬೇಕಾಗಬಹುದು. ಮನೆಯ ವೃದ್ಧರನ್ನೂ ಮರೆಯಬೇಡಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ದಿನದ ಭೇದಿಯೂ ತಲೆಸುತ್ತಿ ಬೀಳಿಸಬಲ್ಲದು. ಅಂದು ಆ ಮಾತ್ರೆಯನ್ನು ಏನು ಮಾಡಬೇಕೆಂದು ವೈದ್ಯರಿಗೆ ಫೋನು ಮಾಡಿ ಕೇಳಬೇಕು. ಸಕ್ಕರೆ ಕಾಯಿಲೆಯವರು ಸಕ್ಕರೆಯ ಭಯದಿಂದ ಈ ನೀರನ್ನು ಬಿಡಬೇಕಾದ್ದಿಲ್ಲ.

ವೈರಸ್ಸನ್ನು ಕೊಲ್ಲುವ ಔಷಧವಿಲ್ಲದಿದ್ದರೂ ರೋಟಾ ಬಾರದಂತೆ ತಡೆಯುವ ಲಸಿಕೆ ಇದೆ. ಅದರಲ್ಲಿ ಒಂದು ಸಂಪೂರ್ಣ ಸ್ವದೇಶಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ನವಜಾತ ಶಿಶುಗಳಲ್ಲಿ ರೋಟಾ ವೈರಸ್ ಕಂಡುಬಂತು. ಆದರೆ ಶಿಶುಗಳಿಗೆ ಕಾಯಿಲೆಯೇ ಆಗಿರಲಿಲ್ಲ. ಆ ಶಿಶುಗಳನ್ನು ಮುಂದೆ ರೋಟಾದ ಕಠಿಣ ಭೇದಿ ಅಷ್ಟಾಗಿ ಕಾಡಲೂ ಇಲ್ಲವೆಂದು ಡಾ. ಮಹಾರಾಜ್ ಕಿಶನ್ ಭಾನ್ ಅವರು ಗಮನಿಸಿದರು. ಸಾಧುವಾದ ಈ ವೈರಸ್ಸಿಗೆ ‘116ಇ’ ಎಂದು ಹೆಸರು. ನಮ್ಮ ಬೆಂಗಳೂರಿನ ಶಿಶುಗಳಲ್ಲಿಯೂ ಇಂಥದೇ ಇನ್ನೊಂದು ಸಾಧು ವೈರಸ್ ಸಿಕ್ಕಿತು. ಅದನ್ನು ಅಭ್ಯಸಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡ. ಅದರ ಹೆಸರು ‘ಐ321’. ಎರಡನ್ನೂ ಪರೀಕ್ಷಿಸಿದಾಗ ದೆಹಲಿಯದು ಹೆಚ್ಚು ರಕ್ಷಣೆ ಹುಟ್ಟಿಸುವಂತೆ ಕಂಡದ್ದರಿಂದ ಬೆಂಗಳೂರಿನದು ಹಿಂದುಳಿಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ಅದರಿಂದ ‘ರೋಟಾವ್ಯಾಕ್’ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲ 2014ರಲ್ಲಿ ಪ್ರಕಟವಾಯಿತು. ಮೊದಲ ವರ್ಷದಲ್ಲಿ ರೋಟಾದ ಕಠಿಣ ಭೇದಿಯನ್ನು ಅದು ನೂರಕ್ಕೆ ಸುಮಾರು 56ರಷ್ಟು ತಗ್ಗಿಸಿತ್ತು. ಪುಣೆಯ ಸೀರಂ ಸಂಸ್ಥೆಯ ‘ರೋಟಾಸಿಲ್’ ಎಂಬುದು ಇನ್ನೊಂದು.

56 ಎಂದರೆ ಅರ್ಧಕ್ಕಿಂತ ತುಸು ಮೇಲು, ಅಷ್ಟೇನೆ ಎಂದು ಕೇಳಬಹುದು. 2014ರ ಒಂದು ಅಂದಾಜಿನಂತೆ ನಮ್ಮ ದೇಶದಲ್ಲಿ ರೋಟಾದಿಂದ ವರ್ಷಕ್ಕೆ ಸುಮಾರು 78,000 ಎಳೆಯ ಮಕ್ಕಳು ಸಾಯುತ್ತಿದ್ದರು. ಅದರಲ್ಲಿ ಅರ್ಧ ಎಷ್ಟೆಂದು ಎಣಿಸಿ ನೋಡಿ. 2016ರಲ್ಲಿ ಆಂಧ್ರ, ಹರಿಯಾಣ, ಹಿಮಾಚಲ, ಒಡಿಶಾಗಳಲ್ಲಿ ಆರಂಭವಾದ ಸರಕಾರಿ ಲಸಿಕೆ 2019ರ ವೇಳೆಗೆ ಎಲ್ಲ ರಾಜ್ಯಗಳಿಗೂ ಬಂತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ. ಸರಕಾರಿ ಕೇಂದ್ರದಲ್ಲಿ ಪುಕ್ಕಟೆ. ಬಾಣಂತನಕ್ಕೆ ಊರಿಗೆ ಹೋಗಿ ಬರುವ ನಮ್ಮವರಲ್ಲಿ ಮೊದಲ ಸರದಿ ಊರಿನಲ್ಲಾಗಿ, ಎರಡನೆಯದು ರೈಲಿನ ಓಡಾಟದಲ್ಲಿ ತಪ್ಪಿಹೋಗುವುದುಂಟು. ಲಸಿಕೆಯ ಚೀಟಿಯನ್ನು ಜೊತೆಗೆ ತಂದರೆ ಯಾವ ರಾಜ್ಯದಲ್ಲಾದರೂ ಮುಂದುವರಿಸುತ್ತಾರೆ. ಬಹಳ ಅಪರೂಪವಾಗಿ ಲಸಿಕೆಯ ಮುಂದಿನ ದಿನಗಳಲ್ಲಿ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವುದುಂಟು. ಮಗು ಬಿಟ್ಟುಬಿಟ್ಟು ಚೀರಿ ಅತ್ತು ಮಲದಲ್ಲಿ ರಕ್ತ ಕಂಡರೆ ಕೂಡಲೇ ತೋರಿಸಬೇಕು.

ನೀರಿನ ಮಾತೂ ಸ್ವಲ್ಪ ಉಂಟು. 1955ರ ಡಿಸೆಂಬರಿನಲ್ಲಿ ಆರಂಭವಾಗಿ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ಹಿಡಿಯಿತು. ಯಮುನೆಯ ಪ್ರವಾಹದ ತರುವಾಯ ನಜಫ್‌ಗಢ ನಾಲೆಯ ಹೊಲಸು ವಜೀರಾಬಾದಿನ ನೀರು ಸೇದುವ ಜಾಗಕ್ಕೆ ಸೇರಿದ್ದು ಕಾರಣ. ಕ್ಲೋರಿನ್ ಹೆಚ್ಚಿಸಿದ್ದರಿಂದ ಟೈಫಾಯಿಡು ಹಬ್ಬಲಿಲ್ಲ, ವೈರಸ್ ಮಾತ್ರ ತಪ್ಪಿಸಿಕೊಂಡಿತು. ಅದು ಹೆಪಟೈಟಿಸ್ ‘ಇ’ ಎಂದು ತಿಳಿಯಲು ದಶಕಗಳೇ ಬೇಕಾದವು. ಅದೂ ಕರುಳಿನ ದಾರಿಯಿಂದಲೇ ಒಳಬರತಕ್ಕದ್ದು. ಗರ್ಭಿಣಿಯರಿಗೆ ಬಹಳ ಅಪಾಯಕಾರಿ. ಸೊಸೈಟಿಯ ನೆಲದೊಳಗಿನ ಟ್ಯಾಂಕು ಬಿರುಕುಬಿಟ್ಟು ನೀರಿಗೆ ವಾಸನೆ ಬಂದರೆ ಸಭೆ ಸೇರಿ ಚರ್ಚಿಸುವುದರ ಜೊತೆಗೆ ನೀರನ್ನು ಕುದಿಸಿ ಕುಡಿಯಿರಿ.

ಕೊನೆಗೆ ನೋರೋ. 1968ರಲ್ಲಿ ಅಮೆರಿಕದ ಒಹಾಯೊ ಪ್ರಾಂತದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಮಕ್ಕಳೂ ಉಪಾಧ್ಯಾಯರೂ ಒಟ್ಟೊಟ್ಟಿಗೆ ವಾಂತಿ ಮಾಡಿಕೊಂಡಾಗ ಇದು ಪತ್ತೆಯ ದಾರಿಗೆ ಬಿತ್ತು. ಊರಿನ ಹೆಸರೇ ವೈರಸ್ಸಿಗೆ ಅಂಟಿಕೊಂಡಿತು. ಇದು ಮಕ್ಕಳು ದೊಡ್ಡವರೆನ್ನದೆ ಎಲ್ಲರಿಗೂ ಬರುತ್ತದೆ, 12ರಿಂದ 48 ಗಂಟೆಯಲ್ಲಿ ತಲೆಯೆತ್ತಿ ಒಂದರಿಂದ ಮೂರು ದಿನದಲ್ಲಿ ಹೋಗುತ್ತದೆ. ನೂರಕ್ಕೂ ಕಡಿಮೆ ಕಣಗಳು ಹೊಟ್ಟೆ ಸೇರಿದರೂ ಸಾಕು. ಕೈಗೆ ಸವರಿಕೊಳ್ಳುವ ಸ್ಯಾನಿಟೈಸರಿಗೆ ಇದು ಅಷ್ಟಾಗಿ ಬಗ್ಗದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯುವುದೇ ಗತಿ. ವಾಂತಿಯಾದ ನೆಲವನ್ನು ಮೊದಲು ಕಾಗದದಿಂದ ಬಳಿದು, ಒಂದು ಲೀಟರು ನೀರಿಗೆ 20 ಮಿಲಿಲೀಟರು ಬ್ಲೀಚ್ ದ್ರಾವಣ ಬೆರೆಸಿ ಹರಡಿ, ಐದು ನಿಮಿಷ ಬಿಟ್ಟು ಒರಸಬೇಕು.

ಇದನ್ನು ವಿಶೇಷವಾಗಿ ನಮ್ಮ ಸಂಘಗಳ ರಾಜ್ಯೋತ್ಸವ, ವಾರ್ಷಿಕೋತ್ಸವಗಳ ಊಟದ ಸಮಿತಿಯವರಿಗಾಗಿ ಬರೆಯುತ್ತಿದ್ದೇವೆ. ಭೇದಿ ವಾಂತಿ ನಿಂತ ಮೇಲೂ ನೋರೋ ಮಲದಲ್ಲಿ ಹೋಗುತ್ತಲೇ ಇರುತ್ತದೆ. ನಿಂತು ಪೂರ್ತಿ 48 ಗಂಟೆ ಕಳೆಯುವವರೆಗೆ ಆ ಮನುಷ್ಯ ಅಡುಗೆಮನೆಗೂ ಬಡಿಸುವ ಪಂಕ್ತಿಗೂ ಬರಬಾರದು. ಕುದಿಯುವ ಹುಳಿಗೆ ಅಷ್ಟು ಭಯವಿಲ್ಲ. ಬೆಂದ ಮೇಲೆ ಕೈ ಸೋಕುವ ಕೋಸಂಬರಿ, ಹೆಚ್ಚಿದ ಹಣ್ಣು, ಉಂಡೆ ಕಟ್ಟುವ ಸಿಹಿ, ಪಾನಕಕ್ಕೆ ಸುರಿಯುವ ನೀರು, ಇಲ್ಲಿಯೇ ಕಣ್ಣಿಡಬೇಕು. ಕೆಲಸಕ್ಕೆ ಬರುವ ಬಾಣಸಿಗ “ನಿನ್ನೆ ಹೊಟ್ಟೆ ಕೆಟ್ಟಿತ್ತು” ಎಂದರೆ ಅವನ ದಿನದ ಕೂಲಿಯನ್ನು ಕೊಟ್ಟೇ ಮನೆಗೆ ಕಳುಹಿಸಿ. ಕೂಲಿ ಹೋಗುತ್ತದೆಂಬ ಹೆದರಿಕೆಯಿದ್ದರೆ ಅವನು ನಮಗೆ ಹೇಳುವುದೇ ಇಲ್ಲ.